ಮಂಚದ ಹುಳುವೂ ಗಿರಾಕಿಯ ಹಕ್ಕೂ

ನಮ್ಮ ಸಮಾಜದ ಬಹುಮಂದಿ ಹುಟ್ಟಾ ವ್ಯಾಪಾರಸ್ಥರು. ಗಲ್ಲೆಯ ಹಿಂದೆ ಕೂಡ್ರುವುದು ನಮಗೆ ಗೊತ್ತು. ಆದರೆ ಗಿರಾಕಿಯಾಗಿ ಗಲ್ಲೆಯ ಮುಂದೆ ನಿಂತು, 'ನೀವು ಕೊಟ್ಟ ಮಾಲು ಕೆಟ್ಟಿದೆ' ಎಂದು ಹೇಳಬೇಕಾದಾಗ ನಾಲಿಗೆ ತಡವರಿಸುತ್ತದೆ. 'ಅವರೂ ನಮ್ಹಂಗ ಅಂಗಡಿಕಾರ್ರು, ಹೋಗ್ಲಿ ಬಿಡು' ಎಂದುಕೊಂಡು ಎಷ್ಟೋ ಮನೆಗಳಲ್ಲಿ ಬಾಗಿಲು ಕೂಡದ ಕಪಾಟು, ಕಾಲು ಅಲುಗಾಡುವ ಕುರ್ಚಿ ಹಾಗೆಯೇ ಮೂಲೆ ಸೇರಿರುತ್ತವೆ. ಈ ಸಂಕೋಚದ ವಿಷಯವಾಗಿ ವಾಚಕ ಬಾಂಧವರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದು ನಮ್ಮ ಮನೆಯಲ್ಲಿ ನಡೆದುದನ್ನೇ ಬರೆಯುತ್ತಿದ್ದೇನೆ.

ಜತ್ತದಲ್ಲಿ ನಮ್ಮದು ಭಾಂಡೆ ಅಂಗಡಿ. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ದವಾಖಾನೆ, ಬಟ್ಟೆಬರೆ, ಬೀಗತನ ಎಲ್ಲಕ್ಕೂ ನಾವು ವಿಜಯಪುರದ ಕಡೆಗೇ ನಡೆಯುವವರು. 2023ರ ಅಕ್ಷಯ ತೃತೀಯೆಗೆ ಅವ್ವನಿಗೆಂದು ಅಲ್ಲಿಯ ಒಂದು ಅಂಗಡಿಯಿಂದ 38,000 ರೂಪಾಯಿ ಕೊಟ್ಟು ಸಾಗವಾನಿ ಮಂಚ ತಂದೆವು. 'ಬಿಲ್ ಬ್ಯಾಡಂದ್ರ ಜಿಎಸ್‌ಟಿ ಉಳೀತದ' ಎಂದರು ಅಂಗಡಿಯವರು. ಶೇಕಡಾ 18 ಎಂದರೆ ಸಣ್ಣ ಮೊತ್ತವೇನಲ್ಲ. ಜೊತೆಗೆ ಬಂದಿದ್ದ ತಮ್ಮನ ಮಗ, 'ದೊಡ್ಡಪ್ಪಾ, ನಮ್ಮ ಅಂಗಡಿ ಹೆಸರಿಲೆ ಬಿಲ್ ಮಾಡಸ್ರಿ, ಆ ತೆರಿಗಿ ನಮ್ಮ ಲೆಕ್ಕದಾಗ ವಜಾ ಆಗ್ತದ' ಎಂದ.

ಎರಡಕ್ಕೂ ನಾನು ಒಪ್ಪಲಿಲ್ಲ. ಮನೆಯಲ್ಲಿ ಮಲಗುವ ಮಂಚವನ್ನು ಅಂಗಡಿಯ ಖರ್ಚಿಗೆ ಹಾಕುವುದು ತೆರಿಗೆಯ ಕಾಯದೆಗೆ ಸಲ್ಲದು. ಅದಕ್ಕೂ ಮೇಲಾಗಿ, ವ್ಯಾಪಾರದ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕ ಸಂರಕ್ಷಣಾ ಕಾಯದೆಯು ಸಾಮಾನ್ಯವಾಗಿ 'ಗ್ರಾಹಕ' ಎಂದೇ ಎಣಿಸುವುದಿಲ್ಲ. ಬಿಲ್ಲು ಅಂಗಡಿಯ ಹೆಸರಿನಲ್ಲಿದ್ದರೆ ನಾಳೆ ಎದುರು ಪಕ್ಷದ ವಕೀಲರು ಮೊದಲು ಎತ್ತುವ ತಕರಾರು ಅದೇ. ವ್ಯಾಪಾರಿ ಮನೆತನಗಳಲ್ಲಿ ಈ ರೂಢಿ ಬಹಳವಿರುವುದರಿಂದ ಒತ್ತಿ ಹೇಳುತ್ತಿದ್ದೇನೆ. ನನ್ನ ಹೆಸರಿನಲ್ಲಿಯೇ ಪಕ್ಕಾ ಬಿಲ್ಲು ಮಾಡಿಸಿದೆ. 'ಮಂಚ 1' ಎಂದಷ್ಟೇ ಬರೆದಿದ್ದರು. 'ಸಾಗವಾನಿ' ಎಂಬ ಶಬ್ದವನ್ನೂ ಸೇರಿಸಲು ಹೇಳಿದೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಅವ್ವ ಮೆತ್ತನ್ನ ಕಸಬರಿಗೆಯಿಂದ ನೆಲ ಗುಡಿಸುವಾಗ ಮಂಚದ ಕಾಲಿನ ಬುಡದಲ್ಲಿ ಜೋಳದ ಹಿಟ್ಟಿನಂಥ ಪುಡಿ ಕಂಡಳು. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ ಪುಡಿ. ಕಟ್ಟಿಗೆಯನ್ನು ಸಮೀಪದಿಂದ ನೋಡಿದರೆ ದಬ್ಬಣದಿಂದ ಚುಚ್ಚಿದಂಥ ದುಂಡನೆಯ ತೂತುಗಳು. ಕುಟ್ಟೆ ಹುಳು ಹಿಡಿದಿತ್ತು.

ಅಂಗಡಿಗೆ ಫೋನು ಮಾಡಿದರೆ ಬಂದ ಉತ್ತರ: 'ಐದು ತಿಂಗಳಾತಲ್ರೀ ಸಾವಕಾರ್ರ, ಹುಳಾ ನಿಮ್ಮ ಮನ್ಯಾಗ ಹತ್ತಿದ್ದು. ಬೇಕಾದ್ರ ಹುಡುಗನ್ನ ಕಳಸ್ತೀನಿ, ತೂತಿನಾಗ ಸೂಜಿಲೆ ಔಷಧಾ ಬಿಡ್ತಾನ, ಎಲ್ಲಾ ಸಾಯ್ತಾವು.' ಬಿಲ್ಲಿನ ಕೆಳಗೆ 'ಮಾರಿದ ಮಾಲನ್ನು ಮರಳಿ ಪಡೆಯಲಾಗುವುದಿಲ್ಲ' ಎಂದು ಅಚ್ಚಾಗಿರುವುದನ್ನೂ ನೆನಪಿಸಿದರು.

ಅವ್ವನಿಗೆ ತಿಳಿಸಿದಾಗ, 'ದಶಲಕ್ಷಣದಾಗ ಕೇಳೂ ಮಾತಾ ಇದು? ನನ್ನ ಹಾಸಿಗಿ ಕೆಳಗ ಜೀವಾ ಕೊಂದು ನಾ ಹ್ಯಾಂಗ ಮಲಗ್ಲೋ?' ಎಂದಳು. ಅಂದಿನಿಂದ ಎಪ್ಪತ್ತೆಂಟರ ಅವ್ವ ಚಾಪೆ ಹಾಸಿಕೊಂಡು ನೆಲದ ಮೇಲೆಯೇ ಮಲಗತೊಡಗಿದಳು. ಮೊಣಕಾಲು ನೋವಿನವಳು, ಬೆಳಿಗ್ಗೆ ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕು. 'ಹೋಗ್ಲಿ ಬಿಡು' ಎನ್ನುವುದು ನನಗೆ ಸಾಧ್ಯವಿರಲಿಲ್ಲ.

ಗುರುತಿನ ಬಡಿಗರೊಬ್ಬರು ಬಂದು ನೋಡಿದರು. ಸಾಗವಾನಿಯ ಒಳಗಿನ ಚೇಗಿಗೆ ಈ ಹುಳು ಬಾಯಿ ಹಾಕುವುದಿಲ್ಲ. ಹೊರಸುತ್ತಿನ ಬಿಳಿ ಕಟ್ಟಿಗೆಯಲ್ಲಿರುವ ಪಿಷ್ಟವೇ ಅದರ ಆಹಾರ. ಪಾಲಿಶ್ ಆಗದ ಕಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಅದು ಮೊಟ್ಟೆ ಇಡುತ್ತದೆ. ಮರಿ ತಿಂಗಳುಗಟ್ಟಲೆ ಒಳಗೇ ತಿಂದು ಬೆಳೆದು, ಕೊನೆಗೆ ತೂತು ಕೊರೆದು ಹೊರಬರುತ್ತದೆ. ಎಂದರೆ ನಮಗೆ ಸೆಪ್ಟೆಂಬರಿನಲ್ಲಿ ಕಂಡ ದೋಷ, ಏಪ್ರಿಲಿನಲ್ಲಿ ಹಣ ಎಣಿಸುವಾಗಲೇ ಪಾಲಿಶಿನ ಕೆಳಗೆ ಕುಳಿತಿತ್ತು. ನಮ್ಮ ಮಂಚದ ಕಾಲುಗಳೆಲ್ಲ ಬಿಳಿ ಕಟ್ಟಿಗೆಯವು. ಬಣ್ಣ ಕೊಟ್ಟು ಒಂದೇ ತರಹ ಮಾಡಿದ್ದರು.

ಕಾಯದೆ ಕೇಳುವುದೂ ಇದನ್ನೇ. ದೋಷ ಯಾವಾಗ ಕಣ್ಣಿಗೆ ಬಿತ್ತು ಎಂಬುದಕ್ಕಿಂತ, ಹೇಳಿ ಮಾರಿದ ಗುಣ ಮಾಲಿನಲ್ಲಿ ಇತ್ತೋ ಇಲ್ಲವೋ ಎಂಬುದು ಮುಖ್ಯ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ಮರಳಿ ಪಡೆಯಲು ನಿರಾಕರಿಸುವುದು 'ಅನುಚಿತ ವ್ಯಾಪಾರ ಪದ್ಧತಿ' ಎನಿಸುತ್ತದೆ. 30 ದಿನ ಕಳೆದ ಮಾತ್ರಕ್ಕೆ ಹಕ್ಕು ತೀರಿತೆಂದಲ್ಲ. ದೋಷದ ಬಗ್ಗೆ ದೂರು ಕೊಡಲು ಕಾರಣ ಹುಟ್ಟಿದಂದಿನಿಂದ ಎರಡು ವರ್ಷ ಕಾಲಾವಕಾಶವಿದೆ. ದುರಸ್ತಿ, ಬದಲಿ ಮಾಲು, ಹಣ ವಾಪಸಾತಿ, ನಷ್ಟ ಪರಿಹಾರ ಇವುಗಳಲ್ಲಿ ತಕ್ಕದ್ದನ್ನು ಕೊಡಿಸುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಗಡಿಯ ಈಚೆಗಿರುವ ನಮ್ಮಂಥವರಿಗೆ ಇನ್ನೊಂದು ಸೌಕರ್ಯವಿದೆ. 1986ರ ಕಾಯದೆಯಂತೆ ಮಾರಿದವನ ಊರಿಗೋ ವ್ಯವಹಾರ ನಡೆದ ಸ್ಥಳಕ್ಕೋ ಹೋಗಿ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯದೆಯಲ್ಲಿ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಮಗೆ ಸಾಂಗಲಿಯೂ ಆದೀತು, ವಿಜಯಪುರವೂ ಆದೀತು. (ಜತ್ತದವರಿಗೆ ಎರಡನೆಯದೇ ಹತ್ತಿರ, ಆ ಮಾತು ಬೇರೆ.) ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಮಹಾರಾಷ್ಟ್ರದಲ್ಲಿ ಕುಳಿತೂ ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಅವರಿಗೆ ಹುಕುಂ ಮಾಡುವ ಅಧಿಕಾರವಿಲ್ಲ, ಮಾರಿದವರಿಗೆ ದೂರು ಮುಟ್ಟಿಸಿ ಉತ್ತರ ಕೇಳುತ್ತಾರೆ.

ನಾನು ಫೋಟೋಗಳನ್ನೂ ಬಿಲ್ಲಿನ ನಕಲನ್ನೂ ಇಟ್ಟು, ಬಡಿಗರು ಹೇಳಿದುದನ್ನು ಬರೆದು, 15 ದಿನಗಳ ಗಡುವು ಕೊಟ್ಟು ರಜಿಸ್ಟರ್ ಪತ್ರ ಹಾಕಿದೆ. ಒಂದು ಕಟು ಶಬ್ದವನ್ನೂ ಬರೆಯಲಿಲ್ಲ. 1915ಕ್ಕೂ ತಿಳಿಸಿದೆ. ಹನ್ನೆರಡನೆಯ ದಿನ ಅಂಗಡಿಯ ಹಿರಿಯ ಮಾಲಕರೇ ಟೆಂಪೋದೊಂದಿಗೆ ಬಂದರು. 'ಬಿಲ್ಲಿನಾಗ ಸಾಗವಾನಿ ಅಂತ ಬರದೈತಿ, ಇನ್ನೇನ್ ಹೇಳೂದ್ರಿ' ಎಂದು ನಕ್ಕರು. ಕಬ್ಬಿಣದ ಮಂಚ ಕೊಟ್ಟು ಉಳಿದ ಹಣ ಎಣಿಸಿದರು. ಚಹಾ ಕುಡಿದೇ ಹೋದರು.

ಮಂಚ ಟೆಂಪೋ ಏರುವಾಗ ಅವ್ವ ಬಾಗಿಲಿಗೆ ಬಂದು ಕೇಳಿದಳು: 'ಅದರಾಗಿನ ಹುಳಾ ಏನ್ ಮಾಡ್ತೀರಪಾ?' ಅವರು ತುಸು ತಡೆದು, 'ಬಿಳಿ ಕಟ್ಟಿಗಿ ಕೊಯ್ದು ತಗೀತೀವ್ರಿ ಅವ್ವಾರ' ಎಂದರು. 'ಸುಡಬ್ಯಾಡ್ರಿ' ಎಂದಳು. ಅವರು ಹೂಂಗುಟ್ಟಿದರು. ನಮ್ಮ ಹಣ ಮರಳಿ ಬಂದಿತ್ತು. ಅವ್ವನ ಪ್ರಶ್ನೆಗೆ ಯಾವ ಆಯೋಗದಲ್ಲಿಯೂ ಕಲಮು ಇಲ್ಲ.

ಮರುವರ್ಷ ನಮ್ಮ ಅಂಗಡಿಯ ಹೊಸ ಬಿಲ್ ಬುಕ್ಕು ಅಚ್ಚಿಗೆ ಕೊಡುವಾಗ, ಪ್ರೆಸ್ಸಿನವರು ಕೇಳದೆಯೇ 'ಮಾರಿದ ಮಾಲು' ಸಾಲನ್ನು ಜೋಡಿಸಿ ತಂದಿದ್ದರು. ಅದನ್ನು ತೆಗೆಸಿ, 'ದೋಷವಿದ್ದರೆ 30 ದಿನಗಳೊಳಗೆ ತನ್ನಿರಿ' ಎಂದು ಹಾಕಿಸಿದೆ. 'ದೊಡ್ಡಪ್ಪಾ, ದಿನಾ ಸಾಲು ಹಚ್ತಾರ' ಎಂದು ತಮ್ಮನ ಮಗ ಗೊಣಗಿದ. ಆ ವರ್ಷ ಮರಳಿ ಬಂದದ್ದು ಮೂರು ಭಾಂಡೆ. ಎರಡರಲ್ಲಿ ಹಿಡಿಕೆಯ ಬೆಸುಗೆ ನಿಜವಾಗಿಯೂ ಬಿಟ್ಟಿತ್ತು, ಬದಲಿಸಿ ಕೊಟ್ಟೆವು. ಮೂರನೆಯದು ಒಲೆಯ ಮೇಲೆ ಮರೆತು ಸುಟ್ಟದ್ದು. ಅದನ್ನು ಆ ಅಕ್ಕನವರಿಗೇ ತಿಳಿಸಿ ಹೇಳಿ ಕಳಿಸಿದೆವು.