ಆರು ಸಾಕಾ, ಎಂಟು ಬೇಕಾ?

ಮೊನ್ನೆ ಭಾನುವಾರ ರಾತ್ರಿ ಮಡಿವಾಳದಲ್ಲಿ ಕೇರಳದ ಬಸ್ಸಿಗೆ ಕಾಯ್ತಾ ನಿಂತಿದ್ವಿ. ಬಸ್ಸು ನನ್ನದಲ್ಲ, ನನ್ನ ರೂಮ್‌ಮೇಟ್‌ದು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವನು ಕೆಲಸ ಬದಲಾಯಿಸಿ ಕೊಚ್ಚಿಗೆ ಹೊರಟಿದ್ದ. ಎರಡು ಸೂಟ್‌ಕೇಸ್, ಒಂದು ಮಿಕ್ಸಿ ಡಬ್ಬ, ಬ್ಯಾಗಿನ ಜಿಪ್ಪಿನಿಂದ ಇಣುಕುತ್ತಿದ್ದ ಹಳದಿ ಸ್ಕಾರ್ಫ್. ಕಣ್ಣಲ್ಲಿ ನೀರು ಬರೋ ಹೊತ್ತು ಅಂದ್ಕೊಂಡಿರ್ತೀರಿ. ನಾವು ಜಗಳ ಆಡ್ತಿದ್ವಿ. ವಿಷಯ ಇಷ್ಟೇ: ಐಎಸ್‌ಎಲ್ ಪ್ಲೇ ಆಫ್‌ಗೆ ಆರು ತಂಡ ಸಾಕಾ, ಎಂಟು ಬೇಕಾ?

ಫುಟ್‌ಬಾಲ್ ನೋಡದವರಿಗೆ ಎರಡೇ ಮಾತು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೊದಲು ಐಪಿಎಲ್ ಥರಾನೇ ನಾಲ್ಕು ತಂಡ ಪ್ಲೇ ಆಫ್‌ಗೆ ಹೋಗ್ತಿದ್ವು. 2022-23ರಿಂದ ಅದನ್ನ ಆರು ಮಾಡಿದ್ರು. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ ಹೋಗ್ತಿದ್ರು. ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು ಎದುರಾಳಿ ಆಗ್ತಿದ್ರು. ಒಂದೇ ಮ್ಯಾಚ್, ಸೋತರೆ ಮನೆಗೆ. 2024-25ರ ಸೀಸನ್ ಲೀಗಲ್ಲಿ 13 ತಂಡ ಇದ್ವು. ಅವನ ಕೇರಳ ಬ್ಲಾಸ್ಟರ್ಸ್ ಎಂಟನೇ ಸ್ಥಾನ. ಹಾಗಾಗಿ ಅವನಿಗೆ ಎಂಟೇ ಬೇಕು. ಒಂಬತ್ತನೇ ಸ್ಥಾನ ಬಂದಿದ್ರೆ ಒಂಬತ್ತು ಬೇಕು ಅಂತಿದ್ದ ಅಂತ ಹೇಳಿದೆ. ಸಿಟ್ಟು ಮಾಡ್ಕೊಂಡ.

ನನಗೆ ಪ್ಲೇ ಆಫ್ ಅಂದ್ರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಹಾಸನದಿಂದ ಇಂಜಿನಿಯರಿಂಗ್‌ಗೆ ಅಂತ ಬೆಂಗಳೂರಿಗೆ ಬಂದಿದ್ದು 2013ರಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದೂ ಅದೇ ವರ್ಷ. ಆಗ ನಮ್ಮ ತಂಡ ಐ-ಲೀಗ್‌ನಲ್ಲಿತ್ತು, ಅಲ್ಲಿ ಪ್ಲೇ ಆಫ್ ಅನ್ನೋದೇ ಇರಲಿಲ್ಲ. ಜಾಸ್ತಿ ಪಾಯಿಂಟ್ ಯಾರಿಗೋ ಕಪ್ ಅವರಿಗೆ. 2015ರ ಮೇ 31ರಂದು ಲೀಗಿನ ಕೊನೇ ಮ್ಯಾಚ್ ಕಂಠೀರವದಲ್ಲಿ, ಮೋಹನ್ ಬಗಾನ್ ಎದುರು. ನಮಗೆ ಗೆಲುವೇ ಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲು ಹೊಡೆದ. ಇನ್ನೇನು ಮುಗೀತು ಅನ್ನುವಾಗ ಬೆಲ್ಲೊ ರಜಾಕ್ ಸಮ ಮಾಡಿದ. 1-1. ಕಪ್ ಕೋಲ್ಕತ್ತಾಗೆ ಹೋಯ್ತು. ಹಾಸ್ಟೆಲ್‌ಗೆ ಬಂದು ಊಟ ಮಾಡದೆ ಮಲಗಿದೆ. ಆದ್ರೆ ಅನ್ಯಾಯ ಆಯ್ತು ಅಂತ ಒಂದು ಸಲವೂ ಅನ್ನಿಸಲಿಲ್ಲ. ಇಡೀ ಸೀಸನ್ ಆಡಿದ ಲೆಕ್ಕ ಅವತ್ತು ಚುಕ್ತಾ ಆಯ್ತು, ಅಷ್ಟೆ.

ಅನ್ಯಾಯ ಅಂತ ಅನ್ನಿಸಿದ್ದು 2018ರಲ್ಲಿ. ಐಎಸ್‌ಎಲ್‌ಗೆ ನಮ್ಮ ತಂಡ ಬಂದ ಮೊದಲ ವರ್ಷ. 18 ಮ್ಯಾಚ್‌ಗೆ 40 ಪಾಯಿಂಟ್, ಪಟ್ಟಿಯಲ್ಲಿ ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ಅಂತರ ಅಂದ್ರೆ ಅದು ಅಂತರವೇ ಅಲ್ಲ, ಬೇರೆ ಕ್ಲಾಸು. ಮಾರ್ಚ್ 17, ಫೈನಲ್ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು. ಆಮೇಲೆ ಎರಡು ಕಾರ್ನರ್, ಎರಡಕ್ಕೂ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ. 3-2ಕ್ಕೆ ಚೆನ್ನೈ ಗೆದ್ದಿತು. ಆಗ ಲೀಗಲ್ಲಿ ಮೊದಲು ಬಂದವರಿಗೆ ಅಂತ ಬೇರೆ ಶೀಲ್ಡೂ ಇರಲಿಲ್ಲ, ಅದು ಶುರುವಾಗಿದ್ದು 2019-20ರಲ್ಲಿ. ನಾಲ್ಕು ತಿಂಗಳ ದುಡಿಮೆ ತೊಂಬತ್ತು ನಿಮಿಷದಲ್ಲಿ ನೀರಲ್ಲಿ ಹೋಮ. ಮುಂದಿನ ವರ್ಷ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಕಪ್ ಕೊಡಿಸಿದ್ರೂ ಆ ಉರಿ ಪೂರ್ತಿ ಆರಲಿಲ್ಲ.

ಈ ಉರಿಗೆ ಆಫೀಸಿನ ಕಾರಣವೂ ಒಂದಿದೆ, ಅಡ್ಡಮಾತು ಅನ್ನಿಸಿದ್ರೂ ಹೇಳ್ಬಿಡ್ತೀನಿ. ಹೋದ ವರ್ಷ ನನ್ನ ಪ್ರಮೋಷನ್ ಲಿಸ್ಟಲ್ಲಿತ್ತು. ವರ್ಷ ಪೂರ್ತಿ ರೇಟಿಂಗ್ ಚೆನ್ನಾಗಿತ್ತು, ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಬಿದ್ದಾಗೆಲ್ಲ ಎದ್ದು ಕೂತಿದ್ದು ನಾನು. ಕೊನೆಗೆ ಒಂದು ಪ್ಯಾನೆಲ್, ಇಪ್ಪತ್ತು ನಿಮಿಷ. ಅವತ್ತು ಜ್ವರ ಇತ್ತು, ತಡವರಿಸಿದೆ. ಇನ್ನೊಬ್ಬರಿಗೆ ಸಿಕ್ತು. ಅವರೇನು ಕೆಟ್ಟವರಲ್ಲ. ಚೆನ್ನೈಯಿನ್ ಕೂಡ ಕೆಟ್ಟ ತಂಡ ಆಗಿರಲಿಲ್ಲ.

ಇನ್ನು 2023ರ ಮಾರ್ಚ್ 3. ಫುಟ್‌ಬಾಲ್ ಗೊತ್ತಿಲ್ಲದವರೂ ಆ ವಿಡಿಯೊ ನೋಡಿರ್ತೀರಿ. ಆರು ತಂಡದ ಪ್ಲೇ ಆಫ್‌ನ ಮೊಟ್ಟಮೊದಲ ಮ್ಯಾಚ್ ಅದು, ಕಂಠೀರವದಲ್ಲಿ ನಾಲ್ಕನೇ ಸ್ಥಾನದ ನಾವು, ಐದನೇ ಸ್ಥಾನದ ಕೇರಳ. ಇಬ್ಬರೂ ಒಟ್ಟಿಗೇ ಹೋಗಿದ್ವಿ. ನೀಲಿ ಸ್ಟ್ಯಾಂಡಲ್ಲಿ ಸ್ಕಾರ್ಫ್ ಒಳಗಿಟ್ಕೊಂಡು ಪಾಪ ಬಾಯಿಮುಚ್ಚಿ ಕೂತಿದ್ದ. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್. ಕೇರಳದವರು ಗೋಡೆ ಕಟ್ಟೋದಕ್ಕೆ ಮುಂಚೇನೇ ಛೆಟ್ರಿ ಹೊಡೆದುಬಿಟ್ಟ, ರೆಫರಿ ಗೋಲು ಕೊಟ್ರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಆಟಗಾರರನ್ನ ಕರ್ಕೊಂಡು ಹೊರಟೇ ಹೋದ್ರು. ಖಾಲಿ ಅರ್ಧ ಮೈದಾನ ನೋಡ್ತಾ ಕೂತ್ವಿ. ಕೊನೆಗೆ ನಾವೇ ಗೆದ್ದಿದ್ದು ಅಂತ ಘೋಷಿಸಿದ್ರು. ಕೇರಳಕ್ಕೆ ಆಮೇಲೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ನನಗೆ ಬಿದ್ದ ದಂಡ ಇನ್ನೂ ದೊಡ್ಡದು: ನಾಲ್ಕು ದಿನ ಮಾತಿಲ್ಲ, ಬೆಳಗಿನ ಪುಟ್ಟು ಒಬ್ಬನಿಗೆ ಮಾತ್ರ.

ಹಳೇ ನಿಯಮ ಇದ್ದಿದ್ರೆ ಆ ಮ್ಯಾಚೇ ನಡೀತಿರಲಿಲ್ಲ. ನಾಲ್ಕಕ್ಕೆ ಬಾಗಿಲು ಹಾಕಿದ್ರೆ ಕೇರಳ ಮನೇಲಿ. ಅವನಿಗೆ ಅವತ್ತಿನ ಅವಮಾನ ತಪ್ತಿತ್ತು, ನನಗೆ ಪುಟ್ಟು ಸಿಕ್ತಿತ್ತು. ಮಡಿವಾಳದಲ್ಲಿ ಇದನ್ನೇ ಎತ್ತಿದೆ. ಪ್ಲೇ ಆಫ್ ದೊಡ್ಡದು ಮಾಡಿದ್ದಕ್ಕೆ ತಾನೇ ನೀನು ಅಷ್ಟು ಅತ್ತಿದ್ದು ಅಂದೆ.

“ಮಗಾ, ಅಳೋದಕ್ಕಾದ್ರೂ ಅಲ್ಲಿಗೆ ಹೋಗ್ಬೇಕಲ್ಲ?” ಅಂದ. ಅವನ ಕನ್ನಡ ಈಗ ನನ್ನದಕ್ಕಿಂತ ಚೆನ್ನಾಗಿದೆ.

ಅವನ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. 2024ರ ಐಪಿಎಲ್ ನೆನಪಿಸಿಕೊಳ್ಳಿ. ಆರ್‌ಸಿಬಿ ಕಥೆ ಮುಗೀತು ಅಂತ ಎಲ್ಲರೂ ಬರೆದುಬಿಟ್ಟಿದ್ವಿ. ಆಮೇಲೆ ಸತತ ಆರು ಗೆಲುವು, ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನ ಸೋಲಿಸಿ ನಾಲ್ಕನೇ ಸ್ಥಾನ. ಎಲಿಮಿನೇಟರ್‌ನಲ್ಲಿ ಸೋತ್ವಿ, ಸರಿ. ಆದ್ರೆ ಆ ಮೂರು ವಾರ ಈ ಊರಲ್ಲಿ ಇದ್ದ ಖುಷಿ? ನಾಲ್ಕನೇ ಸ್ಥಾನ ಅನ್ನೋದೊಂದು ಇದ್ದಿದ್ದಕ್ಕೇ ಆ ಖುಷಿ. ಬೆಂಗಳೂರು ಎಫ್‌ಸಿ ಕೂಡ 2023ರಲ್ಲಿ ತಳದಿಂದ ಎದ್ದು ಲೀಗಿನ ಕೊನೆಯ ಎಂಟು ಮ್ಯಾಚ್ ಸತತ ಗೆದ್ದೇ ನಾಲ್ಕನೆಯದಾಗಿದ್ದು. ಪಟ್ಟಿಯ ನಡುವೆ ಇರೋರಿಗೆ ಆಸೆ ಇಲ್ಲದಿದ್ರೆ ಫೆಬ್ರವರಿಯಲ್ಲಿ ಸ್ಟೇಡಿಯಂಗೆ ಯಾರು ಬರ್ತಾರೆ? ನಾವು 2023-24ರಲ್ಲಿ ಹತ್ತನೇ ಸ್ಥಾನದಲ್ಲಿದ್ದಾಗ ಕಂಠೀರವದಲ್ಲಿ ಆರಾಮಾಗಿ ಕಾಲು ಚಾಚಿ ಕೂತು ಮ್ಯಾಚ್ ನೋಡಿದ್ದೀನಿ.

ಹಾಗಾಗಿ ನಾಲ್ಕನ್ನ ಆರು ಮಾಡಿದ್ದು ತಪ್ಪಲ್ಲ ಅಂತ ಒಪ್ಕೊಂಡೆ. ಮೊದಲ ಎರಡು ಸ್ಥಾನಕ್ಕೆ ನೇರ ಸೆಮಿಫೈನಲ್ ಅನ್ನೋ ಬೆಲೆಯೂ ಬಂತು. ಎಂಟು ಅಂದ್ರೆ ಆ ಬೆಲೆಯೇ ಹೋಗುತ್ತೆ. ಮೊದಲನೆಯವರಿಗೂ ಎಂಟನೆಯವರಿಗೂ ಮ್ಯಾಚ್. 2024-25ರ ಸೀಸನ್ ಲೆಕ್ಕ ನೋಡಿ: ಮೊದಲ ಸ್ಥಾನದ ಮೋಹನ್ ಬಗಾನ್‌ಗೆ 24 ಮ್ಯಾಚ್‌ಗೆ 56 ಪಾಯಿಂಟ್, ಕೇರಳಕ್ಕೆ 29. ಹೆಚ್ಚುಕಮ್ಮಿ ಅರ್ಧ. ಆರು ತಿಂಗಳು ಓಡಿದವನನ್ನೂ ಅರ್ಧ ದಾರಿಯಲ್ಲಿ ಕೂತವನನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಈಗ ಓಡಿ ಅಂದ ಹಾಗೆ. ಹದಿಮೂರರಲ್ಲಿ ಎಂಟು ಪಾಸಾದ್ರೆ ಅದಕ್ಕೆ ಆರು ತಿಂಗಳ ಪರೀಕ್ಷೆ ಯಾಕೆ?

ಅಮೆರಿಕದ ಎಂಎಲ್‌ಎಸ್‌ನಲ್ಲಿ ಇದು ಆಗಿಹೋಗಿದೆ. 2023ರಲ್ಲಿ ಅಲ್ಲಿ 29 ತಂಡಗಳಲ್ಲಿ 18ಕ್ಕೆ ಪ್ಲೇ ಆಫ್ ಇತ್ತು. 2024ರಲ್ಲಿ ಮೆಸ್ಸಿಯ ಇಂಟರ್ ಮಯಾಮಿ ಲೀಗಿನ ದಾಖಲೆಯ 74 ಪಾಯಿಂಟ್ ಮಾಡಿ ಮೊದಲು ಬಂತು. ಅವರ ಗುಂಪಿನ ಒಂಬತ್ತನೇ ಸ್ಥಾನದ ಅಟ್ಲಾಂಟಾಗೆ ಇದ್ದಿದ್ದು 40. ಮೊದಲ ಸುತ್ತಿನಲ್ಲೇ ಮೂರು ಮ್ಯಾಚ್‌ನಲ್ಲಿ ಎರಡು ಗೆದ್ದು ಅಟ್ಲಾಂಟಾ ಮಯಾಮಿಯನ್ನ ಮನೆಗೆ ಕಳಿಸ್ತು. ಟಿವಿಯವರಿಗೆ ಹಬ್ಬ. ಆದ್ರೆ ಆ 34 ಮ್ಯಾಚ್ ಯಾಕೆ ಆಡಿದ್ರು ಅಂತ ಯಾರಾದ್ರೂ ಹೇಳ್ಬೇಕಲ್ಲ.

ಇಷ್ಟೆಲ್ಲ ಹೇಳಿ ಗೆದ್ದೆ ಅಂದ್ಕೊಂಡೆ. ಅವನು ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. 2025ರ ಏಪ್ರಿಲ್ 6, ನಮ್ಮ ಮನೆಯ ಸೋಫಾ. ಗೋವಾ ಎದುರು ಸೆಮಿಫೈನಲ್‌ನ ಎರಡನೇ ಮ್ಯಾಚ್. ಇಲ್ಲಿ ನಾವು 2-0 ಗೆದ್ದಿದ್ವಿ, ಅಲ್ಲಿ ಅವರು 88ನೇ ನಿಮಿಷಕ್ಕೆ ಲೆಕ್ಕ ಸಮ ಮಾಡಿದ್ರು. ಆಮೇಲೆ ಇಂಜುರಿ ಟೈಮಲ್ಲಿ, ನಲವತ್ತು ವರ್ಷದ ಛೆಟ್ರಿಯ ಹೆಡರ್. ವಿಡಿಯೊದಲ್ಲಿ ಒಬ್ಬ ಹುಚ್ಚನ ಹಾಗೆ ಸೋಫಾ ಮೇಲೆ ಹತ್ತಿ ಕುಣೀತಿದ್ದಾನೆ. ಅದು ನಾನು.

“ಗೋವಾಗೆ ಎಷ್ಟು ಪಾಯಿಂಟ್ ಇತ್ತು?” ಅಂತ ಕೇಳಿದ.

48. ನಮಗೆ 38. ಹತ್ತು ಪಾಯಿಂಟ್ ಅಂತರ. 2018ರಲ್ಲಿ ಎಂಟಕ್ಕೇ ನಾನು ಜಗತ್ತನ್ನೇ ಬೈದಿದ್ದೆ. ಅವತ್ತು ಫತೋರ್ಡಾ ಸ್ಟೇಡಿಯಂನಲ್ಲೂ ನನ್ನಂಥವನೊಬ್ಬ ತಲೆ ಮೇಲೆ ಕೈಹೊತ್ತು ಕೂತಿದ್ದಿರಬೇಕು. ನನಗೆ ಅವನ ನೆನಪೂ ಬರಲಿಲ್ಲ. ಏಪ್ರಿಲ್ 12ರ ಫೈನಲ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ 2-1ಕ್ಕೆ ನಮ್ಮನ್ನ ಸೋಲಿಸಿ ಶೀಲ್ಡ್ ಜೊತೆ ಕಪ್ಪನ್ನೂ ತಗೊಂಡಾಗ, ಮೊದಲು ಬಂದವರೇ ಗೆದ್ರು, ನ್ಯಾಯವೇ ಆಯ್ತು ಅಂತ ಹೇಳೋ ದೊಡ್ಡತನವೂ ಬರಲಿಲ್ಲ. ಎರಡು ದಿನ ಮುಖ ಊದಿಸ್ಕೊಂಡಿದ್ದೆ.

ಏನು ಹೇಳ್ಬೇಕು ಅಂತ ತಿಳೀದೆ ಟೀ ತಂದೆ. ಕುಡೀತಾ ಅವನೇ ಹೇಳಿದ. ಕಾಲೇಜಲ್ಲಿ ಕ್ಯಾಂಪಸ್‌ಗೆ ಬಂದ ಕಂಪನಿ ಎಪ್ಪತ್ತು ಪರ್ಸೆಂಟ್ ಕಟ್ ಆಫ್ ಇಟ್ಟಿತ್ತಂತೆ. ಜನ ಸಾಲದೆ ಬೆಳಿಗ್ಗೆ ಅರವತ್ತೈದಕ್ಕೆ ಇಳಿಸಿದ್ರಂತೆ. ಲಿಸ್ಟಿನಲ್ಲಿ ಕೊನೇ ಹೆಸರು ಇವನದು. ಹತ್ತು ಜನರನ್ನ ತಗೊಂಡ್ರು, ಅದರಲ್ಲಿ ಇವನೂ ಒಬ್ಬ. “ಅದಿಲ್ಲದಿದ್ರೆ ಬೆಂಗಳೂರು ನೋಡ್ತಾನೇ ಇರಲಿಲ್ಲ,” ಅಂದ. ನಾಲ್ಕು ವರ್ಷದಲ್ಲಿ ಇದನ್ನ ಒಂದು ಸಲವೂ ಹೇಳಿರಲಿಲ್ಲ.

ನನಗೆ ಈಗಲೂ ಆರೇ ಸರಿ ಅನ್ನಿಸುತ್ತೆ. ನೇರ ಸೆಮಿಫೈನಲ್ ಅನ್ನೋ ಬಹುಮಾನವನ್ನ ಮೊದಲಿಬ್ಬರಿಂದ ಕಿತ್ಕೊಳ್ಳಬಾರದು. ಅದನ್ನ ಬಸ್ ಸ್ಟಾಪಲ್ಲಿ ಮತ್ತೆ ಹೇಳಲಿಲ್ಲ, ಇಲ್ಲಿ ಬರೀತಿದ್ದೀನಿ. ಅವನು ಓದ್ತಾನೆ ಅಂತ ಗೊತ್ತು.

ಬಸ್ಸು ನಲವತ್ತು ನಿಮಿಷ ಲೇಟಾಗಿ ಬಂತು. ಸೂಟ್‌ಕೇಸ್ ಡಿಕ್ಕಿಗೆ ಹಾಕಿದ್ವಿ. ಮಿಕ್ಸಿ ಡಬ್ಬ ಮಾತ್ರ ತೊಡೆ ಮೇಲೆ ಇಟ್ಕೊಂಡು ಕೂತ. ಬಸ್ಸು ಸಿಲ್ಕ್ ಬೋರ್ಡ್ ದಾಟೋದಕ್ಕೆ ಮುಂಚೆ ಮೆಸೇಜ್ ಬಂತು: “ಏಳು ಮಾಡೋಣ. ಮೊದಲನೇ ಸ್ಥಾನಕ್ಕೆ ಮಾತ್ರ ರೆಸ್ಟ್.”

ಏಳಾದ್ರೂ ನೀನು ಎಂಟನೆಯವನು ಕಣೋ ಅಂತ ಟೈಪ್ ಮಾಡಿದೆ. ಕಳಿಸಲಿಲ್ಲ. ಪುಟ್ಟು ಮಾಡೋದು ಹೇಗೆ ಅಂತ ಕೇಳಿದೆ.