ಕಾಣದ ಅಕ್ಷರಗಳು

ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ಅಡಕೆಯ ತರಗತಿಯನ್ನು ಬಣ್ಣದಿಂದಲೇ ಹೇಳಬಲ್ಲವರು ಅನೇಕರುಂಟು. ಅದರೊಳಗಿನ ಸತ್ತ್ವದ ಸ್ವರೂಪವನ್ನು ಕಂಡವರು ವಿರಳ. ರಸಾಯನಶಾಸ್ತ್ರವನ್ನು ಓದುತ್ತಿರುವ ನನ್ನ ತಮ್ಮನ ಮಗಳು ಅರೆಕೋಲಿನ್ ಎಂಬ ಆ ಸತ್ತ್ವದ ರಚನೆಯನ್ನು ಗಣಕಯಂತ್ರದಲ್ಲಿ ಬರೆದು, "ದೊಡ್ಡಪ್ಪ, ಇದು ನಮ್ಮ ತೋಟದ್ದೇ" ಎಂದು ತೋರಿಸಿದಳು. ಷಟ್ಕೋಣವೊಂದನ್ನು ತೆರೆಯ ಮೇಲಿರಿಸಿ, ಒಂದು ಮೂಲೆಗೆ ಸಾರಜನಕವನ್ನು ಕೂಡಿಸಿ, ಒಂದು ಭುಜವನ್ನು ಜೋಡಿಗೆರೆ ಮಾಡಿ, ಕವಲುಗಳನ್ನೆಳೆದಳು. ಅಷ್ಟರಿಂದಲೇ ಚಿತ್ರ ಮುಗಿಯಿತು.

ಜರ್ಮನ್ ಪಂಡಿತನಾದ ಕೆಕುಲೆಯು ಬೆಂಜೀನಿನ ಇಂಗಾಲಗಳನ್ನು ಉಂಗುರವಾಗಿ ನಿರೂಪಿಸಿದುದು 1865ರಲ್ಲಿ. ಬಹುಕಾಲ ಕೈಯಿಂದಲೇ ಬರೆಯುತ್ತಿದ್ದ ಇಂತಹ ಚಿತ್ರಗಳನ್ನು, 1985ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಹುಟ್ಟಿದ ಕೆಮ್‌ಡ್ರಾ ಎಂಬ ತಂತ್ರಾಂಶವು ಸುಲಭಸಾಧ್ಯಗೊಳಿಸಿತು.

ಚಿತ್ರದಲ್ಲಿ ಕಂಡ ಅಕ್ಷರಗಳು ಮೂರೇ: ಸಾರಜನಕ ಒಂದು, ಆಮ್ಲಜನಕ ಎರಡು. ಅಣುವಿನಲ್ಲಾದರೋ 8 ಇಂಗಾಲ, 13 ಜಲಜನಕ ಪರಮಾಣುಗಳೂ ಇವೆ. ಅಕ್ಷರವಿಲ್ಲದ ಮೂಲೆಯೂ ತುದಿಯೂ ಇಂಗಾಲವೇ. ಇಂಗಾಲಕ್ಕೆ ನಾಲ್ಕು ಬಂಧಗಳಿರಬೇಕಾದುದರಿಂದ ಉಳಿದ ಸ್ಥಾನಗಳಲ್ಲಿ ಜಲಜನಕವಿದೆಯೆಂದು ತಿಳಿಯತಕ್ಕದ್ದು. ಪಾಠಶಾಲೆಯಲ್ಲಿ ಪಾಣಿನೀಯವನ್ನೋದಿದವರಿಗೆ ಈ ರೀತಿ ಅಪರಿಚಿತವಲ್ಲ. ಲೋಪಗೊಂಡ ಪ್ರತ್ಯಯವು ಕಿವಿಗೆ ಕೇಳದಿದ್ದರೂ ತನ್ನ ಕಾರ್ಯವನ್ನು ನಡೆಸುತ್ತದೆ. ನಮ್ಮ ಬಳ್ಳಿಗಾವಿಯ ಕೋಡಿಯಮಠದಲ್ಲಿ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನವು ಸಾರುತ್ತದೆ. ಆ ಮಠದ ಪಂಡಿತರಿಗೂ ಈ ಲಾಘವವು ಮೆಚ್ಚಾಗುತ್ತಿತ್ತೆಂದು ತೋರುತ್ತದೆ.

ಇಂಗಾಲಕ್ಕೆ ಐದನೆಯ ಬಂಧವನ್ನೆಳೆದರೆ ಯಂತ್ರವು ಕೆಂಪು ಗುರುತಿನಿಂದ ಎಚ್ಚರಿಸುತ್ತದೆ. ಅದೂ ಒಂದು ವೈಯಾಕರಣನೇ ಸರಿ. ಆದರೆ ಪದದ ಸಾಧುತ್ವ ಬೇರೆ, ಪದಾರ್ಥದ ಗುಣದೋಷ ಬೇರೆ. ಅಡಕೆಯು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಅರೆಕೋಲಿನ್ನಿಗೂ ಆ ದೋಷವಿರಬಹುದೆಂದು 2020ರಲ್ಲಿ ನಿರ್ಣಯಿಸಿತು. ನಿರ್ದುಷ್ಟವಾಗಿ ಬರೆದ ಆ ಷಟ್ಕೋಣದಲ್ಲಿ ಇದಕ್ಕೆ ಯಾವ ಕೆಂಪು ಗುರುತೂ ಇಲ್ಲ. ಅದನ್ನು ಓದುವವನೇ ಅಧ್ಯಾಹಾರ ಮಾಡಿಕೊಳ್ಳಬೇಕು.

ನನ್ನ ಓದಿಗೂ ಈ ಹುಡುಗಿಯ ಓದಿಗೂ ದ್ರವ್ಯವೊದಗಿದುದು ಅಡಕೆಯ ತೋಟದಿಂದಲೇ. ಸೀಮೆಯ ಅನೇಕ ಮನೆಗಳ ಒಲೆ ಉರಿಯುವುದೂ ಅದರಿಂದಲೇ. ಅನ್ನವಿತ್ತ ಮರವನ್ನು ನಿಂದಿಸಲು ನಾಲಗೆ ಏಳದು. ತಿಳಿದುದನ್ನು ಮಕ್ಕಳಿಂದ ಮರೆಮಾಡಲು ಉಪಾಧ್ಯಾಯವೃತ್ತಿಯ ಅಭ್ಯಾಸವು ಬಿಡದು. ನಮ್ಮ ಮನೆಯಲ್ಲಿ ಅಡಕೆಯನ್ನು ಈಗಲೂ ಕಲಶದ ಮುಂದಿಡುತ್ತೇವೆ. ಊಟದ ತರುವಾಯ ಎಲೆಯ ತಟ್ಟೆಯಲ್ಲಿಡುವುದನ್ನು ನಿಲ್ಲಿಸಿದ್ದೇವೆ.