ಒಂದು ಟೋಪಿಗೆ ಎಷ್ಟು ಹೆಣಿಗೆ?

ಸೋದರಿ, ನಿಮ್ಮ ತವರುಮನೆಯಲ್ಲಿ ರೇಡಿಯೋದ ಮೇಲೋ ಟಿ.ವಿ.ಯ ಮೇಲೋ ಒಂದು ಬಿಳಿ ಕ್ರೋಶಾ ಬಟ್ಟೆ ಹಾಸಿತ್ತಲ್ಲವೇ? ಟೀಪಾಯಿಗೆ ಒಂದು, ನೀರಿನ ಹೂಜಿಯ ಬಾಯಿಗೆ ಅಂಚಿನಲ್ಲಿ ಮಣಿ ಪೋಣಿಸಿದ್ದು ಇನ್ನೊಂದು, ಮದುವೆಯ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟವು ಮತ್ತೆ ನಾಲ್ಕು. ಅವನ್ನು ಯಾರು ಹೆಣೆದರು, ಎಷ್ಟು ದಿನ ಹಿಡಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಧೂಳು ಬೀಳದಿರಲಿ ಎಂದು ಹಾಸಿದ ಬಟ್ಟೆಯ ಕಥೆ ಯಾರಿಗೆ ಬೇಕು?

ನಾನು ಮದ್ರಸದಲ್ಲಿ ಕಲಿತು, ನಂತರ ಬಿ.ಎ. ಮುಗಿಸಿ, ಹಲವು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಾ ಬಂದವಳು. ನಲವತ್ತು ದಾಟಿದ ಮೇಲೆ, ಈ ವರ್ಷ ಮಳೆ ಶುರುವಾದಾಗ, ಕ್ರೋಶಾ ಕಲಿಯಲೆಂದು ನಮ್ಮ ಬೀದಿಯ ಖಾಲಾ ಒಬ್ಬರ ಬಳಿ ಹೋಗಿ ಕುಳಿತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾರಾದರೂ ಹೇಳಿದರೆ ಟೋಪಿ, ಮಗುವಿನ ಕಾಲುಚೀಲ, ಮೇಜಿನ ಬಟ್ಟೆ ಹೆಣೆದುಕೊಡುತ್ತಾರೆ. ನಾನು ಕಡ್ಡಿಯನ್ನು ಸೀಮೆಸುಣ್ಣದಂತೆ ಹಿಡಿದದ್ದು ನೋಡಿ ಅವರಿಗೆ ನಗು. ಅವರು ಹಿಡಿಯುವುದು ಚಾಕು ಹಿಡಿದಂತೆ, ಅಂಗೈಯೊಳಗೆ. "ಹೇಗೆ ಬೇಕಾದರೂ ಹಿಡಿ ಬೇಟಿ, ದಾರದ ಕತ್ತು ಮಾತ್ರ ಹಿಸುಕಬೇಡ" ಎಂದರು. ಮೊದಲ ತರಗತಿಯ ಮಗು ಪೆನ್ಸಿಲನ್ನು ಅಷ್ಟು ಬಿಗಿಯಾಗಿ ಏಕೆ ಹಿಡಿಯುತ್ತದೆ ಎಂಬುದು ನನಗೆ ಅರ್ಥವಾದದ್ದು ಅಂದೇ.

ನಿಮಗೂ ಕಲಿಯುವ ಮನಸ್ಸಿದ್ದರೆ ಅಜ್ಜಿಯ ಕಾಲದ ಸಣ್ಣ ಉಕ್ಕಿನ ಕಡ್ಡಿಯಿಂದಲೂ ತೆಳು ಬಿಳಿ ದಾರದಿಂದಲೂ ಶುರು ಮಾಡಬೇಡಿ. ಅದು ಕೈ ಪಳಗಿದವರಿಗೆ. ಮಧ್ಯಮ ದಪ್ಪದ ಉಲ್ಲನ್ ದಾರ, 4 ಅಥವಾ 5 ಮಿಲಿಮೀಟರಿನ ಕಡ್ಡಿ ಸಾಕು. ಬಣ್ಣ ತಿಳಿಯದಿರಲಿ, ಕಪ್ಪು ದಾರದಲ್ಲಿ ಯಾವ ಹೆಣಿಗೆ ಎಲ್ಲಿದೆ ಎಂದು ಹಗಲಲ್ಲೂ ಕಾಣುವುದಿಲ್ಲ. ಕಲಿಸುವವರ ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತರೆ ಕೈ ತಿರುಗುಮುರುಗಾಗಿ ಕಾಣುವುದಿಲ್ಲ. 20 ಸರಪಳಿ ಹಾಕಿ, ಅದರ ಮೇಲೆ ಸಾಲು ಸಾಲಾಗಿ ಹೆಣೆಯಿರಿ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸಿ. ಹೊಸಬರ ಪಟ್ಟಿ ಮೇಲೇರುತ್ತಾ ತ್ರಿಕೋನವಾಗುವುದು ಅಂಚಿನ ಹೆಣಿಗೆಯೊಂದು ಪ್ರತಿ ಸಾಲಿನಲ್ಲೂ ತಪ್ಪಿಹೋಗುವುದರಿಂದ. ಗಾಬರಿಯಾಗಬೇಡಿ, ದಾರ ಎಳೆದರೆ ಬಿಚ್ಚುತ್ತದೆ. ಕತ್ತರಿ ತಗುಲಿದ ಬಟ್ಟೆಗೆ ಆ ಭಾಗ್ಯವಿಲ್ಲ.

ಪುಸ್ತಕ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಪುಸ್ತಕ 'ಸಿಂಗಲ್ ಕ್ರೋಶೆ' ಎನ್ನುವುದನ್ನೇ ಇಂಗ್ಲೆಂಡಿನ ಪುಸ್ತಕ 'ಡಬಲ್ ಕ್ರೋಶೆ' ಎನ್ನುತ್ತದೆ. ಪುಸ್ತಕ ಎಲ್ಲಿಯದೆಂದು ಮೊದಲು ನೋಡಿಕೊಳ್ಳಿ. ಖಾಲಾಗೆ ಈ ತಾಪತ್ರಯವಿಲ್ಲ. ಅವರ ಬಾಯಲ್ಲಿ ಎಲ್ಲವೂ ಫಂದಾ: ಗಿಡ್ಡ ಫಂದಾ, ಉದ್ದ ಫಂದಾ.

ಕ್ರೋಶಾದಲ್ಲಿ ಕಡ್ಡಿ ಒಂದೇ, ಸಾಮಾನ್ಯವಾಗಿ ಬಿಚ್ಚಿಹೋಗುವ ಭಯವಿರುವುದೂ ಕಡ್ಡಿಯಲ್ಲಿರುವ ಒಂದು ಫಂದಾಕ್ಕೆ ಮಾತ್ರ. ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿ ಎರಡು, ಇಡೀ ಸಾಲು ಕಡ್ಡಿಯ ಮೇಲೆಯೇ ಕುಳಿತಿರುತ್ತದೆ. ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಏಣಿಯಂತೆ ಬಿಚ್ಚುತ್ತಾ ಹೋಗುತ್ತದೆ. ಅಲ್ಲಿನ ಪಾಠವೆಲ್ಲ 'ಸೀದಾ' ಮತ್ತು 'ಉಲ್ಟಾ' ಎಂಬ ಎರಡು ಮಾತಿನಲ್ಲಿದೆ. ನಿಜ ಹೇಳಬೇಕೆಂದರೆ ಅವು ಎರಡಲ್ಲ, ಒಂದೇ ಹೆಣಿಗೆಯ ಮುಂಭಾಗ ಮತ್ತು ಹಿಂಭಾಗ.

ಇದೆಲ್ಲ ಯುರೋಪಿನ ಮೇಮ್‌ಸಾಹೇಬರ ವಿದ್ಯೆ ಎಂದು ನಾನೂ ತಿಳಿದಿದ್ದೆ. ಆದರೆ ಎರಡು ಕಡ್ಡಿಯ ಹೆಣಿಗೆಯ ಅತ್ಯಂತ ಹಳೆಯ ತುಣುಕುಗಳಲ್ಲಿ ಹಲವು ದೊರೆತಿರುವುದು ಈಜಿಪ್ಟಿನಲ್ಲಿ: ಮುಸ್ಲಿಮರ ಆಳ್ವಿಕೆಯ ಕಾಲದ, ನೀಲಿ-ಬಿಳಿ ಹತ್ತಿ ದಾರದ ಕಾಲುಚೀಲಗಳು. ಸ್ಪೇನಿನ ಬುರ್ಗೋಸ್ ನಗರದ ಮಠವೊಂದರಲ್ಲಿ, 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂಡೊನ ಸಮಾಧಿಯಲ್ಲಿ, ರೇಷ್ಮೆಯಲ್ಲಿ ಹೆಣೆದ ದಿಂಬೊಂದು ಸಿಕ್ಕಿತು. ಅದರ ಅಂಚಿನಲ್ಲಿ ಕೂಫಿ ಲಿಪಿಯ ಅರಬಿ ಪದವಿದೆ: 'ಬರಕಃ', ಆಶೀರ್ವಾದ. ಕ್ರೈಸ್ತ ರಾಜಕುಮಾರನ ತಲೆಯ ಕೆಳಗೆ ಮುಸ್ಲಿಂ ಕುಶಲಕರ್ಮಿಗಳ ಕೈಕೆಲಸ! ಹೆಣೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಹೆಸರಿನ ಮಾತು ಹಾಗಿರಲಿ, ಕೂಲಿಯ ಮಾತಿಗೆ ಬರೋಣ. ಒಂದು ದಿನ ನಾನು ಅಲ್ಲಿದ್ದಾಗಲೇ ಒಬ್ಬರು ಟೋಪಿ ತೆಗೆದುಕೊಳ್ಳಲು ಬಂದರು. ಬೆಲೆ ಕೇಳಿ, "ಮನೆಯಲ್ಲೇ ಕುಳಿತು ಹೆಣೆಯುವುದಕ್ಕೆ ಇಷ್ಟೊಂದಾ ಖಾಲಾ?" ಎಂದರು. ಖಾಲಾ ಮರುಮಾತಾಡದೆ ಇಳಿಸಿಕೊಟ್ಟರು. ನನಗೆ ಸಹಿಸಲಾಗಲಿಲ್ಲ. ಮನೆಗೆ ಬಂದು ಕಾಗದ ತೆಗೆದುಕೊಂಡು ಎಣಿಸಿದೆ.

ದಪ್ಪ ಉಲ್ಲನ್‌ನ ಸಾದಾ ಟೋಪಿ ನಡುನೆತ್ತಿಯಲ್ಲಿ 6 ಹೆಣಿಗೆಯಿಂದ ಶುರುವಾಗುತ್ತದೆ. ಎರಡನೇ ಸುತ್ತಿಗೆ 12, ಮೂರನೆಯದಕ್ಕೆ 18. ಹೀಗೆ ಸುತ್ತಿಗೆ ಆರಾರು ಹೆಚ್ಚಿಸಿದರೆ ಮಾತ್ರ ಮೇಲ್ಭಾಗ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆಯಾದರೆ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚು ನೆರಿಗೆಗಟ್ಟುತ್ತದೆ. 14ನೇ ಸುತ್ತಿಗೆ 84 ಆಗಿ ತಲೆಯ ಅಳತೆ ಬರುತ್ತದೆ. ಅಲ್ಲಿಗೆ ಒಟ್ಟು 630. ನಂತರ ಏರಿಸದೆ ಇಳಿಸದೆ 15 ಸುತ್ತು, ಅಂದರೆ 1,260. ಎಲ್ಲ ಸೇರಿ 1,890 ಹೆಣಿಗೆ. ತೆಳು ಹತ್ತಿ ದಾರದ ನಮಾಝಿನ ಟೋಪಿಯಾದರೆ? ಹೆಣಿಗೆಯ ಅಗಲವೂ ಎತ್ತರವೂ ಅರ್ಧಕ್ಕೆ ಇಳಿದರೆ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, 7,560. ನಿಮಿಷಕ್ಕೆ 20ರಂತೆ ಕೈ ನಿಲ್ಲಿಸದೆ ಹೆಣೆದರೂ ಆರು ಗಂಟೆ ಮೀರುತ್ತದೆ. ನನ್ನಂಥ ಹೊಸಬಳಿಗೆ ಹನ್ನೆರಡು ಗಂಟೆಯೂ ಸಾಲದು.

ಇನ್ನೂ ಒಂದು ವಿಷಯ. ಸ್ವೆಟರಿನ ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನ ಮೀರಿದೆ. ಇಂಗ್ಲೆಂಡಿನ ವಿಲಿಯಂ ಲೀ ಅದನ್ನು ಮಾಡಿದ್ದು 1589ರಲ್ಲಿ. ಆದರೆ ಕಾರ್ಖಾನೆಗಳ ಯಂತ್ರಗಳು ನಿಜವಾದ ಕ್ರೋಶಾ ಹೆಣೆಯುವುದಿಲ್ಲ, ಅದರಂತೆ ಕಾಣುವ ಜಾಳಿಗೆಯನ್ನಷ್ಟೇ ಮಾಡುತ್ತವೆ. ಅಂದರೆ ಅಂಗಡಿಯಲ್ಲಿ ನೀವು ಮುಟ್ಟುವ ಪ್ರತಿಯೊಂದು ಅಸಲಿ ಕ್ರೋಶಾ ಬಟ್ಟೆಯ ಹಿಂದೆ ಯಾರದೋ ಬೆರಳುಗಳಿವೆ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಸಾವಿರಾರು ಹೆಂಗಸರು ಮನೆಯಲ್ಲೇ ಕುಳಿತು ಹೆಣೆದ ಲೇಸು ಹೊರದೇಶಗಳಿಗೆ ಹೋಗುತ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ನಡುವೆ ಇದ್ದು 1982ರಲ್ಲಿ ಪುಸ್ತಕ ಪ್ರಕಟಿಸಿದರು. ಹೊರದೇಶದ ಪೇಟೆಗಾಗಿ ದುಡಿಯುವ ಆ ಹೆಂಗಸರನ್ನು ಲೋಕ 'ಗೃಹಿಣಿಯರು' ಎಂದಷ್ಟೇ ಕರೆಯಿತು, ಅವರ ದುಡಿಮೆಯನ್ನು ಬಿಡುವಿನ ಹವ್ಯಾಸ ಎಂದಿತು, ಅದಕ್ಕೇ ಕೂಲಿ ಅಷ್ಟು ಕಡಿಮೆ ಎಂಬುದು ಅವರು ಕಂಡ ಸತ್ಯ. ನಮ್ಮ ಬೀದಿಯ "ಮನೆಯಲ್ಲೇ ಕುಳಿತು" ಎಂಬ ಮಾತಿಗೂ ಅದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

ಮರುದಿನ ಖಾಲಾಗೆ ನನ್ನ ಲೆಕ್ಕ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆರು ಗಂಟೆಯಾ? ಸಾರು ಕುದಿಯುವವರೆಗೆ ಸ್ವಲ್ಪ, ಇಶಾ ಆದಮೇಲೆ ಸ್ವಲ್ಪ ಹೆಣೆಯುತ್ತೇನೆ ಬೇಟಿ. ಯಾರು ಎಣಿಸಿದ್ದರು?" ಎಂದರು. ಆ ಚೀಟಿಯನ್ನು ಕೇಳಿ ಪಡೆದು ದಾರದ ಬುಟ್ಟಿಯಲ್ಲಿಟ್ಟುಕೊಂಡರು. ಈಗ ಬೆಲೆ ಕೇಳಿದವರಿಗೆ ಮೊದಲು ಅದನ್ನು ತೋರಿಸುತ್ತಾರೆ, ಆಮೇಲೆ ಬೆಲೆ ಹೇಳುತ್ತಾರೆ, ಇಳಿಸುವುದಿಲ್ಲ. ಇಲ್ಲಿಯವರೆಗೆ ಮೂವರು ಬಂದಿದ್ದಾರೆ. ಒಬ್ಬರು ಬೇಡವೆಂದು ಹೋದರು. ಇಬ್ಬರು ಕೊಟ್ಟರು, ಅವರಲ್ಲಿ ಒಬ್ಬರು ತಮ್ಮ ಮಗಳನ್ನೂ ಕಲಿಯಲು ಕಳಿಸುತ್ತೇನೆ ಎಂದಿದ್ದಾರೆ.

ನನಗೆ ಟೋಪಿ ಬಂತು, ಈಗ ಸೀದಾ-ಉಲ್ಟಾ ನಡೆಯುತ್ತಿದೆ. ಕಾಲುಚೀಲದ ಹಿಮ್ಮಡಿ ತಿರುಗಿಸುವುದು ಬಾಕಿ ಇದೆ. ಮಳೆ ಬಿಡಲಿ ಎಂದಿದ್ದಾರೆ ಖಾಲಾ. ಮೋಡದ ಬೆಳಕಿನಲ್ಲಿ ಹಿಮ್ಮಡಿಯ ಫಂದಾ ಕಾಣುವುದಿಲ್ಲವಂತೆ.